ಚಾಂದಬಿಯನ್ನು ಯಾರೂ ಕೇಳಲಿಲ್ಲ

೧೯೩೮ರ ಶ್ರಾವಣ. ಮಾಳಮಡ್ಡಿಯ ಅಂಗಳಗಳಿಗೆ ಇನ್ನೂ ಮುಂಜಾನೆಯ ನೀರು ಬಿದ್ದಿಲ್ಲ. ಚಾಂದಬಿ ಆಗಲೇ ಮನೆಯ ಕಟ್ಟೆಯ ಮೇಲೆ ಕೂತು ಗಾಜಿನ ಬಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದಾಳೆ. ಬಿರುಕು ಬಿಟ್ಟದ್ದು ಪಕ್ಕಕ್ಕೆ, ಗಟ್ಟಿಯಾದದ್ದು ಮಲಾರಕ್ಕೆ. ಗಂಡ ತೀರಿಕೊಂಡ ಮೇಲೆ ಹೆಗಲಿಗೇರುವ ಈ ಬಳೆಗಂಟೇ ಅವಳ ಒಲೆ ಹೊತ್ತಿಸುತ್ತಿದೆ.

ಬಳೆಗಾರ್ತಿಗೆ ಯಾರ ಮನೆಯಲ್ಲಾದರೂ ನಡುಮನೆಯ ತನಕ ದಾರಿಯುಂಟು. ಆ ನಂಬಿಕೆಯೇ ಅವಳ ಬಂಡವಾಳ. ಅದನ್ನು ಒಬ್ಬ ಕವಿ ನಾಲ್ಕು ಸಾಲಿನಲ್ಲಿ ಹಾಳುಗೆಡವಿದ. ಯುಗಾದಿಯ ಹೊತ್ತಿಗೆ ಸಿದ್ದಲಿಂಗಪ್ಪ ಮಾಸ್ತರರು ವಾರಪತ್ರಿಕೆಯೊಂದರಲ್ಲಿ ಅಚ್ಚುಹಾಕಿಸಿದ ಪದ್ಯವಿದು:

ಮಾಳಮಡ್ಡಿಯ ಬಳೆಗಾರ್ತಿ,
ಮಲ್ಲಿಗೆ ಮೊಗ್ಗು ನಿನ್ನ ಬೆರಳು;
ನನ್ನವಳ ಕೈಗೆ ಬಳೆ ತೊಡಿಸಿದೆ,
ನನ್ನೆದೆಗೆ ತೊಡಿಸಿದೆ ಮರುಳು.

ಹೆಂಡತಿ ಸುಲಭಾ ಬಳೆ ತೊಡುವಾಗ ಬಾಗಿಲ ಸಂದಿಯಿಂದ ಕಂಡು ಬರೆದದ್ದಂತೆ. ಊರು ಚಪ್ಪಾಳೆ ತಟ್ಟಿತು. ಕಾಲೇಜು ಹುಡುಗರು ಚಾಂದಬಿಯ ಬೆನ್ನ ಹಿಂದೆ ಅದನ್ನೇ ಹಾಡುತ್ತ ನಡೆದರು. “ಗಂಡಸರು ಮನ್ಯಾಗ ಅದಾರ, ಇವತ್ತ ಬ್ಯಾಡವಾ,” ಎಂದು, ವರ್ಷಗಟ್ಟಲೆ ಅವಳೆದುರು ಕೈ ಚಾಚಿದ್ದ ಹೆಣ್ಣುಮಕ್ಕಳೇ ಬಾಗಿಲು ಮುಚ್ಚಿಕೊಂಡರು.

ಸಿಟ್ಟು ನೆತ್ತಿಗೇರಿ ಚಾಂದಬಿ ಒಂದು ಮುಂಜಾನೆ ಮಾಸ್ತರರ ಮನೆಗೇ ಹೋದಳು. ಪಡಸಾಲೆಯ ತುಂಬ ಅವರ ಗೆಳೆಯರು.

“ನನ್ನ ಕೇಳಿ ಬರದ್ರೇನ್ರಿ?”

“ಸಿಟ್ಯಾಕ? ನಿನ್ನ ಅಮರ ಮಾಡೇನಿ ನಾ,” ಮಾಸ್ತರರು ನಕ್ಕರು.

“ಅಮರ ಆಗಿ ಏನ್ ತಿನ್ಲಿ? ಮಂದಿ ಬಾಗಲಾ ಹಾಕ್ಕೊಂಡಾರ! ಮಲ್ಲಿಗಿ ಅಂದ್ರಲ್ಲ, ನೋಡ್ರಿ ಇಲ್ಲೆ!” ಗಾಜು ಕೊರೆದ ಬೆರಳುಗಳನ್ನು ಅವರ ಮುಖದ ಮುಂದೆ ಚಾಚಿದಳು. ಮಾಸ್ತರರು ಎತ್ತಲೋ ನೋಡಿದರು.

ಒಳಗಿದ್ದ ಸುಲಭಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡಸರ ನಡುವೆಯೇ ಹಾದು ಬಂದು, ಓಣಿಗೆಲ್ಲ ಕಾಣುವಂತೆ ಹೊರಗಿನ ಕಟ್ಟೆಯ ಮೇಲೆ ಕೂತು ಕೈ ಮುಂದೆ ಮಾಡಿದಳು. “ಬಾರವಾ, ಇಲ್ಲೇ ತೊಡಸು. ಎಲ್ಲಾರೂ ನೋಡ್ಲಿ.”

ಚಾಂದಬಿ ತೊಡಿಸಿದಳು. ಎದುರುಮನೆಯ ಬಾಗಿಲಲ್ಲಿ, ಕಿಟಕಿಯಲ್ಲಿ ಹೆಂಗಸರು ನಿಂತು ನೋಡಿದರು. ಮರುವಾರದಿಂದ ಕರೆ ಬರತೊಡಗಿತು, ಎಲ್ಲ ಮನೆಗಳಿಂದಲ್ಲ. ಮಾಸ್ತರರು ತಪ್ಪಾಯಿತೆನ್ನಲಿಲ್ಲ. ಪದ್ಯವೀಗ ಅವರ ಹೊಸ ಪುಸ್ತಕದ ಮೊದಲ ಪುಟದಲ್ಲಿದೆ.

ಆ ಮಾತೆತ್ತಿದ್ದೇ ಅವಳು ಕೈಯ ಬಳೆ ಕೆಳಗಿಟ್ಟು, ಇದನ್ನೆಲ್ಲ ಬರೆದುಕೊಳ್ಳುತ್ತ ಪಕ್ಕದಲ್ಲಿ ಕೂತ ನನ್ನತ್ತ ತಿರುಗುತ್ತಾಳೆ. “ಬೆರಳ ಬರದ್ರು. ಇಕಿ ಹೆಸರೇನು ಅಂತ ಒಮ್ಮಿನೂ ಕೇಳಲಿಲ್ಲ. ನೀವಾದ್ರೂ ಸರಿಯಾಗಿ ಬರೀರಿ. ಚಾಂದಬಿ. ದುಡದ ತಿನ್ನಾಕಿ.”