ಸೋಸಿದ ನೀರಿನ ಜೀವ

ಗಡಹಿಂಗ್ಲಜ ಬಸ್ ನಿಲ್ದಾಣ. ಕೊಂಕಣದ ಕಡಲಿನಿಂದ ತಂದ ನೀರಿನ ಬಾಟಲಿಗಳ ಡಬ್ಬಿ ತೊಡೆಯ ಮೇಲಿತ್ತು. ಬೆಳಗಿನಿಂದ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ. ಪಕ್ಕದಲ್ಲಿ ಕೂತ ಜೈನ ಅಜ್ಜಿ ಕೇಳಿದರು, "ಅದರಾಗ ಮೀನ ಐತೇನ್ರಿ?"

"ಇಲ್ಲಜ್ಜಿ, ಸಮುದ್ರದ ನೀರು. ಸೋಸಿ, ಕಣ್ಣಿಗೆ ಕಾಣದ ಜೀವಿಗಳನ್ನ ಎಣಿಸ್ತೀವಿ. ಅವು ಕಡಿಮೆಯಾದ್ರೆ ಕಡಲಿಗೆ ಹುಷಾರಿಲ್ಲ ಅಂತ ಗೊತ್ತಾಗುತ್ತೆ."

ಅಜ್ಜಿಯ ಮುಖ ಅರಳಿತು. "ನಾವೂ ನೀರ ಸೋಸೇ ಕುಡಿಯೂದ್ರಿ. ಅರಿವ್ಯಾಗ ಉಳಿದ ಜೀವಾ ತಿರುಗಿ ಅದ ಬಾವಿಗೆ ಬಿಡ್ತೇವಿ. ನೀವು ಯಾವಾಗ ಬಿಡ್ತೀರಿ?"

ಕೊಳೆಯದಿರಲೆಂದು ದೋಣಿಯಲ್ಲೇ ಫಾರ್ಮಲಿನ್ ಹಾಕಿದ್ದೆ. "ಇವು ಸತ್ತಿವೆ, ಅಜ್ಜಿ. ಕಡಲಲ್ಲಿ ಉಳಿದವನ್ನ ಕಾಯೋದಕ್ಕೆ."

"ಹೌದ್ರಿ?" ಎಂದವರು ಚೀಲ ಎತ್ತಿಕೊಂಡು ಬೆಂಚಿನ ಆ ತುದಿಗೆ ಹೋಗಿ ಕೂತರು.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಡಬ್ಬಿಯನ್ನು ಅಲ್ಲಿಟ್ಟೆ.

"ಒಬ್ರ ಅದೀರೇನ್ರಿ?" ಎಂದ ಕಂಡಕ್ಟರ್.

ಡಬ್ಬಿಯ ಮೇಲಿನ ಕೈ ತೆಗೆಯದೆ ಹೌದೆಂದೆ.