ಎರಡನೇ ಸೂಜಿ

ಗುಸ್ನೇತಿಯ ಮೇಲೆ ನನಗೆ ಸಿಟ್ಟು ಬಂದ ದಿನಗಳು ಎಷ್ಟೋ ಇವೆ. ಆದರೆ ವಿಲ್ದಾ ಹೆತ್ತ ಮಂಗಳವಾರ ಬಂದಷ್ಟು ಸಿಟ್ಟು ಹದಿನಾಲ್ಕು ವರ್ಷಗಳಲ್ಲಿ ಬಂದಿರಲಿಲ್ಲ. ಪರಿಯಾಮನ್‌ನ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಅವಳು ಹಿರಿಯ ಸೂಲಗಿತ್ತಿ, ನಾನು ವಾರ್ಡಿನ ನರ್ಸ್. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿದೆ. ಅವಳು ದನಿ ಏರಿಸಿದ್ದನ್ನು ಮಾತ್ರ ಯಾರೂ ಕೇಳಿಲ್ಲ. ಅದೂ ಒಂದು ಕಾಯಿಲೆಯೇ ಎಂದು ನನ್ನ ಅಭಿಪ್ರಾಯ. ಇಲ್ಲಿ ಆ ಮನೆಯವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಇಲ್ಲದಿದ್ದರೆ ಗುಸ್ನೇತಿ ನನ್ನ ಮುಖ ನೋಡುವುದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹೆಣ್ಣು ಮಗು ಹುಟ್ಟಿತು. ತಾಯಿಯ ರಕ್ತದ ರಿಪೋರ್ಟು ನಮ್ಮಿಬ್ಬರಿಗೂ ಗೊತ್ತಿತ್ತು: ಹೆಪಟೈಟಿಸ್ ಬಿ. ತಾಯಿಯಿಂದ ಮಗುವಿಗೆ ದಾಟಿದರೆ ಬಹುಮಟ್ಟಿಗೆ ಜನ್ಮಪೂರ್ತಿ ಉಳಿಯುತ್ತದೆ, ಸದ್ದಿಲ್ಲದೆ ಲಿವರನ್ನು ತಿನ್ನುತ್ತದೆ, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿಸುತ್ತದೆ. ಹುಟ್ಟಿದ ಮಕ್ಕಳಿಗೆಲ್ಲ ನಾವು ಒಂದು ಲಸಿಕೆ ಹಾಕುತ್ತೇವೆ. ಇಂಥ ತಾಯಂದಿರ ಮಕ್ಕಳಿಗೆ ಇನ್ನೊಂದು ತೊಡೆಗೆ, ವೈರಸ್ಸನ್ನು ಕೂಡಲೇ ತಡೆಯುವ ಎರಡನೇ ಸೂಜಿಯೂ ಬೇಕು. ಎಷ್ಟು ಬೇಗ ಹಾಕಿದರೆ ಅಷ್ಟು ಒಳ್ಳೆಯದು, ಇಪ್ಪತ್ತನಾಲ್ಕು ಗಂಟೆ ದಾಟಬಾರದು.

ವಿಲ್ದಾ ಗುಸ್ನೇತಿಯ ಕೈ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು. "ಅಕ್ಕಾ, ನನ್ನ ರಿಪೋರ್ಟ್ ಮನೇಲಿ ಯಾರಿಗೂ ಹೇಳ್ಬೇಡಿ. ಅಮ್ಮಂಗಂತೂ ಬೇಡವೇ ಬೇಡ."

"ಹೇಳಲ್ಲಮ್ಮ" ಎಂದಳು ಗುಸ್ನೇತಿ. ನಮ್ಮ ಗ್ರಹಚಾರ ಶುರುವಾದದ್ದು ಅಲ್ಲಿಂದ.

ವಿಲ್ದಾಳ ತಾಯಿ ಸಫಿನಾರ್ ಕಣ್ಣಲ್ಲಿ ಕಣ್ಣಿಟ್ಟು ಎಲ್ಲವನ್ನೂ ನೋಡುವ ಹೆಂಗಸು. ಎರಡು ಸೂಜಿಗೂ ಸೇರಿದ ಒಪ್ಪಿಗೆ ಪತ್ರವನ್ನು ಗುಸ್ನೇತಿ ತಂದಾಗ ಅವಳೇ ಕೈಗೆ ತೆಗೆದುಕೊಂಡಳು.

"ಪಕ್ಕದ ಮಂಚದ ಕೂಸಿಗೆ ಒಂದೇ ಚುಚ್ಚಿದ್ರಿ. ನಮ್ಮದಕ್ಕೆ ಯಾಕೆ ಎರಡು?"

"ಎರಡೂ ಬೇಕಮ್ಮ. ಡಾಕ್ಟ್ರು ಬರೆದಿದಾರೆ."

"ಯಾಕೆ ಬರೆದ್ರು ಅಂತಲೇ ಕೇಳ್ತಿರೋದು. ನಮ್ಮ ಕೂಸಲ್ಲಿ ಏನು ಐಬು ಕಂಡ್ರಿ?"

ಗುಸ್ನೇತಿ ಕೂಸಿನ ಬಟ್ಟೆ ಸರಿಮಾಡತೊಡಗಿದಳು. ವಿಲ್ದಾ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಸಹಿ ಹಾಕಲು ಅವಳಿಗೆ ಹಕ್ಕಿತ್ತು, ಆದರೆ ತಾಯಿ ಬೇಡವೆಂದದ್ದಕ್ಕೆ ಸಹಿ ಹಾಕಿದರೆ ಮೊದಲ ಪ್ರಶ್ನೆ ಅವಳಿಗೇ ಬರುತ್ತದೆ. ಅವಳ ಗಂಡ ಯೆಂದ್ರಿಯನ್ನು ನಾನು ಹಿಡಿದು ನಿಲ್ಲಿಸಿದೆ.

"ನಾನೇನು ಹೇಳ್ಲಿ ಸಿಸ್ಟರ್? ಆ ಮನೆಗೆ ನಾನು ಬಂದು ಸೇರಿದ ಅಳಿಯ. ನಿಮಗೆ ಕಾಫಿ ತರ್ಲಾ?" ಎಂದು ಜಾರಿಕೊಂಡ.

ಕೊನೆಗೆ ಸಫಿನಾರ್ ತೀರ್ಪು ಕೊಟ್ಟಳು: "ಜಾಂಬಿಯಿಂದ ನನ್ನ ತಮ್ಮ ಹೊರಟಿದಾನೆ. ಅವನು ನೋಡಿ ಹೂಂ ಅಂದ್ರೆ ಹೂಂ."

ನಮ್ಮಲ್ಲಿ ಮನೆತನ ತಾಯಿಯ ಕಡೆಯದು; ಅಕ್ಕನ ಮನೆಯ ವಿಷಯದಲ್ಲಿ ಸೋದರಮಾವನ ಮಾತೇ ಕೊನೆಯದು, ನನ್ನ ಮದುವೆಯೂ ಹಾಗೇ ಆದದ್ದು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಾವನ ಬಸ್ಸು ಬರಲಿ ಎಂದು ವೈರಸ್ಸು ಕಾಯುತ್ತದೆಯೇ? ಮಧ್ಯಾಹ್ನ ಡಾಕ್ಟರು ಬಂದು ಗದರಿ ಹೋದರು. ಅದರಿಂದ ಸಫಿನಾರ್ ಇನ್ನಷ್ಟು ಬಿಗಿದುಕೊಂಡಳು.

ನಾನು ಗುಸ್ನೇತಿಯನ್ನು ವರಾಂಡಕ್ಕೆ ಎಳೆದೆ. "ಒಂದು ಮಾತು ಹೇಳಿದ್ರೆ ಮುಗೀತದೆ. ಹೇಳಿಬಿಡೇ!"

"ಮಾತು ಕೊಟ್ಟಿದೀನಿ."

"ಹಾಗಾದ್ರೆ ವಿಟಮಿನ್ ಅನ್ನು."

"ಅವರು ಸಹಿ ಹಾಕೋ ಕಾಗದದಲ್ಲಿ ಸುಳ್ಳು ಬರೀಲಾ?"

ಅವಳ ಬಾಯಿಗೆ ಬೀಗ ಬಿದ್ದದ್ದು ಎಂಟು ವರ್ಷದ ಹಿಂದೆ. ಒಬ್ಬ ಬಾಣಂತಿಯ ಇಂಥದೇ ರಿಪೋರ್ಟನ್ನು ಮನೆಯವರ ಎದುರು ಓದಿಬಿಟ್ಟಿದ್ದಳು. ಮನೆಯಲ್ಲಿ ಆ ಹುಡುಗಿಗೆ ತಟ್ಟೆ ಬೇರೆ, ಲೋಟ ಬೇರೆ, ಚಾಪೆಯೂ ಬೇರೆ ಮಾಡಿದರು. ಮುಂದಿನ ಹೆರಿಗೆಗೆ ಅವಳು ಆಸ್ಪತ್ರೆಗೆ ಬರಲೇ ಇಲ್ಲ. ಆ ಮಗುವಿಗೆ ಒಂದು ಸೂಜಿಯೂ ಬೀಳಲಿಲ್ಲ. ಆ ಸುದ್ದಿ ಕೇಳಿ ಗುಸ್ನೇತಿ ಎರಡು ದಿನ ಊಟ ಬಿಟ್ಟಿದ್ದಳು. ಇದೆಲ್ಲ ನನಗೆ ಗೊತ್ತು, ಆದರೂ ಅವತ್ತು ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತ್ತು.

ಬುಧವಾರ ಬೆಳಿಗ್ಗೆ ಏಳೂವರೆಗೆ, ತಮ್ಮ ಇನ್ನೂ ಬಂದಿರದಿದ್ದರೂ, ಸಫಿನಾರ್ ಗಂಟುಮೂಟೆ ಕಟ್ಟಿದಳು. ಮನೆಗೆ ಹೋಗಲು ಕಾರು ಬಂದು ನಿಂತಿತ್ತು. ಗುಸ್ನೇತಿ ಅವಳ ಹಿಂದೆ ಹಿಂದೆಯೇ ಓಡಾಡುತ್ತಿದ್ದಳು. "ಅಮ್ಮ, ಇನ್ನೊಂದು ಸ್ವಲ್ಪ ಕಾಯಿರಿ. ಒಂಬತ್ತರೊಳಗೆ ಹಾಕ್ಬೇಕು." ನಾನು ಗೋಡೆ ಗಡಿಯಾರ ನೋಡುತ್ತಾ ಹಲ್ಲು ಕಡಿಯುತ್ತಿದ್ದೆ.

ಎಂಟು ಗಂಟೆಗೆ ತಮ್ಮ ಅಸ್ರಿಲ್ ಬಂದ. ಜಾಂಬಿಯಲ್ಲಿ ಹೋಟೆಲು ಇಟ್ಟವನು, ಅಂಗಿಗೆಲ್ಲ ಪ್ರಯಾಣದ ಧೂಳು. ಅಕ್ಕ ಕಾಗದ ಕೊಟ್ಟು, "ಒಂದಕ್ಕೆ ಹೂಂ ಅನ್ನು, ಇನ್ನೊಂದಕ್ಕೆ ಬೇಡ ಅನ್ನು" ಎಂದು ಪಾಠ ಹೇಳಿಕೊಟ್ಟಳು. ಅವನು ಕಾಗದ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಒಬ್ಬನೇ ನಮ್ಮ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದ.

"ಸಿಸ್ಟರ್, ಈ ಎರಡನೇದು, ತಾಯಿ ರಕ್ತದಲ್ಲಿ ಇದ್ರೆ ಮಾತ್ರ ಹಾಕೋದಲ್ವಾ?"

ಗುಸ್ನೇತಿ ನೆಲ ನೋಡಿದಳು.

"ನೀವೇನೂ ಹೇಳ್ಬೇಡಿ. ನಂಗೂ ಅದೇ ಇದೆ. ರಕ್ತ ಕೊಡೋಕೆ ಹೋದಾಗ ವಾಪಸ್ ಕಳಿಸಿದ್ರು, ಆರು ವರ್ಷ ಆಯ್ತು. ಮನೇಲಿ ಯಾರಿಗೂ ಹೇಳ್ಬೇಡಿ."

"ಹೇಳಲ್ಲಪ್ಪ" ಎಂದಳು ಗುಸ್ನೇತಿ.

ಅವನು ವಾರ್ಡಿಗೆ ತಿರುಗಿ, "ಎರಡೂ ಹಾಕ್ಲಿ" ಎಂದ.

"ಯಾಕೋ?" ಎಂದಳು ಸಫಿನಾರ್.

"ನಾನು ಹೇಳ್ತಿದೀನಲ್ಲ."

ಅಷ್ಟೇ! ನಮ್ಮ ಡಾಕ್ಟರು, ನಮ್ಮ ಓದು, ಒಂದು ಇಡೀ ದಿನದ ಗೋಗರೆತ, ಎಲ್ಲ ಆ ಒಂದು ಮಾತಿನ ಮುಂದೆ ಕಸ. ವಿಲ್ದಾ ಸಹಿ ಹಾಕಿದಳು. ಎಂಟು ಇಪ್ಪತ್ತಕ್ಕೆ ಗುಸ್ನೇತಿ ಎರಡು ತೊಡೆಗೂ ಚುಚ್ಚಿದಳು. ಕೂಸು ಕಿರುಚಿತು. ನನಗೆ ಅಷ್ಟು ಹಿತವಾದ ಅಳು ಬೇರೆ ಕೇಳಿದ ನೆನಪಿಲ್ಲ.

ಅರ್ಧ ಗಂಟೆ ಕೂಸಿನ ಮೇಲೆ ಕಣ್ಣಿಟ್ಟು ಕಳಿಸಿಕೊಟ್ಟೆವು. ಎಲ್ಲರೂ ಕೆಳಗಿಳಿದ ಮೇಲೆ ಸಫಿನಾರ್ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಚೀಲ ಮರೆತಿದ್ದಾಳೆ ಅಂದುಕೊಂಡೆ. ಅವಳು ಗುಸ್ನೇತಿಯ ಎದುರು ಕೂತು ತೋಳು ಮೇಲೇರಿಸಿದಳು.

"ನನ್ನಮ್ಮ ಹೊಟ್ಟೆ ಊದಿಕೊಂಡು ಸತ್ಲು. ಅಕ್ಕನೂ ಹಾಗೇ ಹೋದ್ಲು. ಯಾರೋ ಮಾಟ ಮಾಡಿಸಿದ್ದು ಅಂದ್ಕೊಂಡಿದ್ವಿ. ಕಾಗದ ಓದುವಾಗ ನನ್ನ ತಮ್ಮನ ಮುಖ ನೋಡಿದೆ ಕಣಮ್ಮ. ನನ್ನ ರಕ್ತಾನೂ ನೋಡು." ಸೂಜಿ ಒಳಗೆ ಹೋಗುವಾಗ ಕಣ್ಣು ಮುಚ್ಚಿಕೊಂಡು ಸೇರಿಸಿದಳು: "ವಿಲ್ದಾಗೆ ಹೇಳ್ಬೇಡ. ತಮ್ಮಂಗೂ ಬೇಡ."

"ಹೇಳಲ್ಲಮ್ಮ."

ಅವಳು ಹೋದಳು. ಗುಸ್ನೇತಿ ರಕ್ತದ ಸೀಸೆಗೆ ಹೆಸರು ಬರೆದಳು, ಕೈಗವಸು ಕಿತ್ತಳು, ಅದನ್ನು ಬುಟ್ಟಿಗೆ ಬೀಸಿ ಒಗೆದಳು. ಆಮೇಲೆ ವಾರ್ಡಿನ ಬಾಣಂತಿಯರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು:

"ಒಂದೇ ಮನೆ ಕಣೇ! ಒಂದೇ ಒಲೆ! ಆ ಕೂಸೊಂದಕ್ಕಾದ್ರೂ ಮುಚ್ಚಿಡೋಕೆ ಏನೂ ಇಲ್ದೇ ಇರ್ಲಿ ಅಂತ ನಾನು ಸಾಯ್ತಿದೀನಿ!"

ಹದಿನಾಲ್ಕು ವರ್ಷ ನಾನು ಕಾದಿದ್ದ ಕೂಗು ಅದು. ಕಿಟಕಿಯಲ್ಲಿ ಇಣುಕಿದರೆ ಕಾರು ಇನ್ನೂ ಅಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ವಿಲ್ದಾ, ಸಫಿನಾರ್, ಅಸ್ರಿಲ್ ಮೂವರೂ ಒತ್ತಿಕೊಂಡು ಕೂತಿದ್ದರು, ಕೂಸು ನಡುವೆ, ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿತ್ತು.