ಹಗೇವಿನ ಮೇಲಿಟ್ಟ ವೂಫರ್

ಮೊನ್ನೆ ಅಟ್ಟದಿಂದ ಇಲಿ ಹತ್ತಿಯನ್ನು ಉದುರಿಸಿತ್ತು. ಯಾವ ಗಾದಿ ಹರಿಯಿತೋ ಎಂದು ಏಣಿ ಇಟ್ಟು ನೋಡಿದೆ. ಗಾದಿಯದಲ್ಲ, ಹಳೆಯ ವೂಫರ್ ಪೆಟ್ಟಿಗೆಯದು. ಮೂಗಿಗೆ ಹಿಡಿದೆ. ಪ್ಲೈವುಡ್ಡಿನ ಅಂಟಿನ ವಾಸನೆ ಇನ್ನೂ ಹೋಗಿಲ್ಲ... ಅದರ ಹಿಂದೆಯೇ ರೇಡಿಯೋ ಮಾಸ್ತರು ನೆನಪಾದರು.

ಮಾಸ್ತರು ಅಂದರೆ ಸಾಲಿ ಮಾಸ್ತರಲ್ಲ. ಘಟಪ್ರಭಾ ಸ್ಟೇಶನ್ ಹತ್ತಿರ ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದರು; ಸ್ಪೀಕರ್ ಪೆಟ್ಟಿಗೆಗಳನ್ನು ತಾವೇ ಕೊಯ್ದು ಕಟ್ಟುತ್ತಿದ್ದರು. ನಾನು ನಾಲ್ಕನೆಯ ಇಯತ್ತೆ ಕಲಿತವಳು. ಆದರೆ ನನ್ನಪ್ಪ ಹುಕ್ಕೇರಿ ಕಡೆ ಗೀಗೀ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದವನು. ಧುಪದಾಳದ ನಮ್ಮ ಮನೆಯ ಟೇಪಿನಲ್ಲಿ ಗೀಗೀ ಪದ ಹಾಕಿದರೆ ದಪ್ಪು ತಗಡು ಬಡಿದಂತೆ ಕೇಳುತ್ತಿತ್ತು. ಅದಕ್ಕೇ ದಪ್ಪ ದನಿ ಹೊರಡಿಸುವ ವೂಫರ್ ಬೇಕೆಂದೆ. ಮೈದುನ ಬೆಳಗಾವಿಯಿಂದ ಕಂಪನಿಯದು ತರೋಣವೆಂದ. ಮಾಸ್ತರೇ ಕಟ್ಟಲಿ ಎಂದು ನಾನು ಹಟ ಹಿಡಿದೆ.

ಮಾಸ್ತರ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಕೈ ತೋರಿಸಿದೆ. ನಿಮ್ಮ ಪಡಸಾಲೆ ಎಷ್ಟು ಹೆಜ್ಜೆ ಎಂದು ಕೇಳಿದರು. ಉದ್ದ ಹತ್ತು, ಅಗಲ ಆರು ಎಂದೆ.

"ಅಕ್ಕಾರ, ಇದು ಮದವಿ ಮಂಟಪಕ್ಕ ಆತು. ನಿಮಗ ಎಂಟ್ ಇಂಚಿಂದ ಸಾಕ್ರಿ."

ಮಾರಲು ಕೂತವನು ಸಣ್ಣದು ಸಾಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದನಿ ಪೆಟ್ಟಿಗೆಯೊಳಗೇ ಮಾರ್ದನಿಸದಂತೆ ತುಂಬಲು ಮನೆಯ ಹತ್ತಿಯನ್ನೇ ಕೊಟ್ಟೆ.

ಜೋಡಿಸಿದ ದಿನ ಓಣಿಯ ಮಂದಿಯೆಲ್ಲ ಬಂದು ಕೂತರು. ಮಾಸ್ತರು ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ಹಾಡು ಹಚ್ಚಿದರು. ಗುಂಯ್ ಎಂದು ಮನೆ ತುಂಬಿತು. ದಪ್ಪಿನ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಸಂದೇ ಇಲ್ಲ. ವಾಯರು ಅದಲುಬದಲು ಮಾಡಿದರು, ಗುಂಡಿ ತಿರುಗಿಸಿದರು. ಆಗಲಿಲ್ಲ.

"ವೈನಿ, ದಪ್ಪು ಕೇಳತೇನಿ ಅಂದಿದ್ರಿ. ಹಿಟ್ಟಿನ ಗಿರಣಿ ತಂದೀರಲ್ಲ," ಎಂದ ಮೈದುನ.

ಮಂದಿ ನಕ್ಕರು. ಇಷ್ಟು ಜನರೆದುರು ಪೆಟ್ಟಿಗೆ ಕೆಟ್ಟಿತೆಂದರೆ ಮಾಸ್ತರ ಕೈಗೆ ಮತ್ತೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ವಾಪಸು ಒಯ್ಯುತ್ತೇನೆಂದು ವಾಯರು ಬಿಚ್ಚತೊಡಗಿದರು...

ನನ್ನ ಅಂಗಾಲಿಗೆ ಆಗಲೇ ತಿಳಿದಿತ್ತು. ಮೂಲೆಯ ಹಾಸುಗಲ್ಲು ನಡುಗಿತ್ತು.

"ತಡೀರಿ ಮಾಸ್ತರ. ಅದರ ಬುಡಕ ಹಗೇವ ಐತಿ. ಖಾಲಿ ಐತಿ."

ಜೋಳ ತುಂಬಿಡುವ ಆಳೆತ್ತರದ ಗುಂಡಿ ಅದು. ಹೊಲಕ್ಕೆ ಕಬ್ಬು ಹಚ್ಚಿದ ಮೇಲೆ ಅದರೊಳಗೆ ಕಾಳು ಇಳಿದಿರಲಿಲ್ಲ. ಮಾಸ್ತರು ಬಗ್ಗಿ ಕಲ್ಲು ತಟ್ಟಿದರು. ಕೊಡ ತಟ್ಟಿದಂಥ ಸಪ್ಪಳ. ಆಮೇಲೆ ಪೆಟ್ಟಿಗೆಯನ್ನು ನಾನು ಕೂಡುವ ಮಣೆಯ ಮೇಲಿಟ್ಟು ಹಾಡು ಹಚ್ಚಿ, ಕೂಸಿನಂತೆ ಅಂಬೆಗಾಲಿಕ್ಕಿ, ಕಿವಿಗೊಟ್ಟು ಪಡಸಾಲೆ ಸುತ್ತಿದರು. ಪೆಟ್ಟಿಗೆ ಮಣೆಯ ಮೇಲಿದ್ದಾಗ ಎಲ್ಲಿ ಚೊಕ್ಕ ಕೇಳುತ್ತದೋ, ಪೆಟ್ಟಿಗೆ ಅಲ್ಲಿಟ್ಟರೆ ಮಣೆಯ ಮೇಲೂ ಚೊಕ್ಕ ಕೇಳುತ್ತದೆ ಎಂದರು. ಕಂಬದ ಪಕ್ಕ ಪೆಟ್ಟು ಬಿಡಿಬಿಡಿಯಾಗಿ ಕೇಳಿತು. ಪೆಟ್ಟಿಗೆಯನ್ನು ಅಲ್ಲಿಗೆ ಸರಿಸಿ, ನನ್ನನ್ನು ಮಣೆಯ ಮೇಲೆ ಕೂಡಿಸಿದರು.

ದಪ್ಪು ಬಂತು. ಅಪ್ಪ ಬಾರಿಸಿದ್ದಲ್ಲ, ಆದರೆ ಅಪ್ಪನದರಂತೆ ಅಂಗೈ ಪೆಟ್ಟು ಬೇರೆ, ಬೆರಳ ಪೆಟ್ಟು ಬೇರೆ... ಇನ್ನೊಮ್ಮೆ ಹಚ್ಚಿರಿ ಅಂದವನು ಮೈದುನನೇ.

ಅಂದಿನಿಂದ ಮಾಸ್ತರು ಯಾರ ಮನೆಗೆ ಹೋದರೂ ಮೊದಲು ನೆಲದ ಕೆಳಗೆ ಏನಿದೆ ಎಂದು ಕೇಳುತ್ತಿದ್ದರಂತೆ. ಧುಪದಾಳದ ಅಕ್ಕಾರು ಕಲಿಸಿದ್ದು ಎನ್ನುತ್ತಿದ್ದರಂತೆ. ಮೂಡಲಗಿಯ ಬೀಗರು ಬಂದು ಹೇಳಿದರು. ಅಂಥ ಮರ್ಯಾದೆಯನ್ನು ಯಾವ ಸಾಲಿಯೂ ನನಗೆ ಕೊಟ್ಟಿರಲಿಲ್ಲ.

ಅವರು ಸತ್ತ ಸುದ್ದಿ ನನಗೆ ಮುಟ್ಟಿದ್ದು ವಾರದ ಮೇಲೆ. ಮಣ್ಣಿಗೆ ಹೋಗಲಾಗಲಿಲ್ಲ. ಮುಂದೆ ವೂಫರ್ ಸುಟ್ಟು ಕೆಟ್ಟಾಗ ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಅಟ್ಟಕ್ಕೆ ಹಾಕಿದ್ದೆ.

ಇಲಿ ಎಳೆದ ಹತ್ತಿಯನ್ನು ಮತ್ತೆ ತುಂಬಿದೆ. ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಇನ್ನು ಅದು ನುಡಿಯುವುದಿಲ್ಲ, ಗೊತ್ತು. ಆದರೂ ಇಟ್ಟದ್ದು ಕಂಬದ ಪಕ್ಕವೇ, ಹಗೇವಿನ ಮೇಲಲ್ಲ.